ಹತ್ತಕ್ಕೆ ನಾಲ್ಕು

ಶಸ್ತ್ರಚಿಕಿತ್ಸೆಯ ಕೊಠಡಿಯ ಮುಂದಿನ ಬೆಂಚಿನ ಮೇಲೆ ಕುಳಿತು ಕಾದವರಿಗೆ ಒಂದು ವಾಕ್ಯದ ಬೆಲೆ ಏನೆಂಬುದು ಗೊತ್ತಿರುತ್ತದೆ. ಎರಡು ವರ್ಷಗಳ ಹಿಂದೆ ನಮ್ಮ ತಾಯಿಯವರ ಕರುಳಿಗೆ ಶಸ್ತ್ರಚಿಕಿತ್ಸೆ ನಡೆದ ದಿನ ನಾನೂ ನನ್ನ ತಮ್ಮನೂ ಅಂಥ ಬೆಂಚೊಂದರ ಮೇಲೆ ನಾಲ್ಕು ಗಂಟೆ ಕುಳಿತಿದ್ದೆವು. ಕೊನೆಗೆ ಬಾಗಿಲು ತೆರೆಯಿತು. ಶಸ್ತ್ರವೈದ್ಯರು ಹೊರಗೆ ಬಂದು, “ಆಪರೇಷನ್ ಚೆನ್ನಾಗಿ ಆಯಿತು, ಯೋಚನೆ ಮಾಡಬೇಡಿ” ಎಂದರು. ತಮ್ಮನ ಕಣ್ಣಲ್ಲಿ ನೀರು ತುಂಬಿತು. ಊರಿಗೆ ಫೋನು ಮಾಡಿ ಅದೇ ಮಾತನ್ನು ಅಕ್ಷರ ತಪ್ಪದೆ ಒಪ್ಪಿಸಿದೆವು.

ಮಾತನ್ನು ಒಡೆದು ನೋಡುವುದು ಭಾಷೆಯ ಮೇಷ್ಟರಿಗೆ ಅಂಟಿದ ಚಪಲ. ಆ ರಾತ್ರಿ ಅಮ್ಮನ ಮಂಚದ ಪಕ್ಕದಲ್ಲಿ ಕುಳಿತಿದ್ದಾಗ ‘ಚೆನ್ನಾಗಿ’ ಎಂಬ ಆ ಒಂದು ಪದ ನನ್ನನ್ನು ಕಾಡತೊಡಗಿತು. ಚೆನ್ನಾಗಿ ಎಂದರೇನು? ಕೈ ತಪ್ಪಲಿಲ್ಲವೆಂದೇ? ರೋಗದ ಭಾಗವನ್ನು ತೆಗೆದುಹಾಕಿದ್ದಾಯಿತೆಂದೇ? ಇಲ್ಲವೆ, ಇನ್ನೊಂದು ತಿಂಗಳು ಯಾವ ತೊಡಕೂ ಬಾರದೆಂದೇ? ಮೊದಲಿನ ಎರಡು ಆಗಿಹೋದ ಸಂಗತಿಗಳು. ಮೂರನೆಯದು ಮಾತ್ರ ಭವಿಷ್ಯ. ನಮಗೆ ಬೇಕಾಗಿದ್ದುದು ಆ ಮೂರನೆಯದು. ವೈದ್ಯರು ಹೇಳಿದ್ದು ಮೊದಲಿನ ಎರಡನ್ನು.

ಐದನೆಯ ರಾತ್ರಿ, ಎರಡು ಗಂಟೆಯ ಸುಮಾರಿಗೆ, ದಾದಿಯೊಬ್ಬರು ಬಂದು ಅಮ್ಮನ ನಾಡಿ ಹಿಡಿದು ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಿಡಿದು ನೋಡಿದರು. ಹೋಗಿ ಪಾಳಿಯಲ್ಲಿದ್ದ ವೈದ್ಯರನ್ನು ಕರೆತಂದರು. ಅಮ್ಮ ನಿದ್ದೆಯಲ್ಲಿದ್ದರು, ನನ್ನ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ. ಬೆಳಗಾಗುವ ಹೊತ್ತಿಗೆ ಅವರನ್ನು ಎರಡನೆಯ ಸಲ ಅದೇ ಕೊಠಡಿಗೆ ಒಯ್ದರು. ಕೂಡಿಸಿ ಹೊಲಿದಿದ್ದ ಕರುಳು ಒಂದೆಡೆ ಸೋರತೊಡಗಿತ್ತು. ಅಮ್ಮ ಉಳಿದರು.

ಆ ದಾದಿ ಮಿಕ್ಕ ರೋಗಿಗಳಿಗಿಂತ ಹೆಚ್ಚು ಸಲ ಅಮ್ಮನ ಬಳಿಗೆ ಬರುತ್ತಿದ್ದುದೇಕೆಂಬುದು ನನಗೆ ತಿಳಿದದ್ದು ಆಮೇಲೆ. ಅಮ್ಮನ ಕಾಗದಪತ್ರಗಳ ಮೇಲ್ತುದಿಯಲ್ಲಿ ಅರಿವಳಿಕೆ ಕೊಟ್ಟ ತರುಣ ವೈದ್ಯರು ಮೊದಲ ದಿನವೇ ಸಣ್ಣದಾಗಿ ‘೪/೧೦’ ಎಂದು ಬರೆದಿದ್ದರು. ನಾನು ಅದನ್ನು ಮಂಚದ ಸಂಖ್ಯೆಯೋ ವಾರ್ಡಿನ ಗುರುತೋ ಇರಬೇಕೆಂದುಕೊಂಡಿದ್ದೆ. ಅದು ಅಂಕ. ಅಮ್ಮ ತಮಗೇ ತಿಳಿಯದಂತೆ ಒಂದು ಪರೀಕ್ಷೆಗೆ ಕುಳಿತಿದ್ದರು. ಅದರಲ್ಲಿ ಅವರಿಗೆ ಹತ್ತಕ್ಕೆ ನಾಲ್ಕು ಬಂದಿತ್ತು. ಆ ಅಂಕದ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅರಿಷ್ಟವೂ ಪಂಚಾಂಗವೂ

ರೋಗಿಯ ಮುಂದಿನ ಗತಿಯನ್ನು ಮೊದಲೇ ಅರಿಯಬೇಕೆಂಬ ಬಯಕೆ ವೈದ್ಯವಿದ್ಯೆಯಷ್ಟೇ ಹಳೆಯದು. ಗ್ರೀಸಿನ ಹಿಪೊಕ್ರೆಟಿಸನ ಹೆಸರಿನಲ್ಲಿ ನಮಗೆ ಬಂದಿರುವ ಗ್ರಂಥಗಳಲ್ಲಿ ಮುನ್ಸೂಚನೆಗೆಂದೇ ಮೀಸಲಾದುದೊಂದುಂಟು. ನಮ್ಮ ಚರಕಸಂಹಿತೆಯ ಇಂದ್ರಿಯಸ್ಥಾನದ ಹನ್ನೆರಡು ಅಧ್ಯಾಯಗಳು ಅರಿಷ್ಟಲಕ್ಷಣಗಳನ್ನು, ಎಂದರೆ ಸಾವು ಸಮೀಪಿಸಿದುದರ ಗುರುತುಗಳನ್ನು, ವಿವರಿಸುತ್ತವೆ. ಮೈಬಣ್ಣ, ದನಿ, ವಾಸನೆ, ನೆರಳು, ಕಂಡ ಕನಸು, ವೈದ್ಯನನ್ನು ಕರೆಯಲು ಬಂದ ದೂತನ ಚಹರೆ ಎಲ್ಲವೂ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಸುಶ್ರುತನು ಶಸ್ತ್ರವೈದ್ಯನ ಕಾರ್ಯವನ್ನು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮವೆಂದು ಮೂರಾಗಿ ವಿಂಗಡಿಸಿದ. ಶಸ್ತ್ರವನ್ನು ಕೆಳಗಿಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲವೆಂಬ ಅರಿವು ಆ ವಿಂಗಡಣೆಯಲ್ಲಿಯೇ ಇದೆ.

ಆದರೆ ಅರಿಷ್ಟಜ್ಞಾನದ ಒಲವು ಬೇರೊಂದು ಕಡೆಗೆ. ಅಸಾಧ್ಯವಾದ ರೋಗಕ್ಕೆ ಕೈಹಾಕಿದ ವೈದ್ಯ ಅಪಕೀರ್ತಿಗೆ ಗುರಿಯಾಗುವನೆಂಬುದು ಪ್ರಾಚೀನರ ಎಚ್ಚರಿಕೆ. ಯಾರ ಚಿಕಿತ್ಸೆಯಿಂದ ಹಿಂದೆಗೆಯಬೇಕೆಂಬುದನ್ನು ತಿಳಿಯುವುದೂ ಅಲ್ಲಿ ಭವಿಷ್ಯಜ್ಞಾನದ ಒಂದು ಫಲ. ಇನ್ನು ನಮ್ಮ ಮನೆಯ ಭವಿಷ್ಯಜ್ಞಾನವೆಂದರೆ, ಸೋದರಮಾವನವರು ಪಂಚಾಂಗ ನೋಡಿ, ರಾಹುಕಾಲ ಕಳೆದ ಮೇಲೆ ಕೊಠಡಿಗೆ ಒಯ್ಯಬೇಕೆಂದು ಕೇಳಿಕೊಂಡದ್ದು. ನಾನು ನಗಲಿಲ್ಲ. ಮುಂದೇನೆಂದು ತಿಳಿಯದಾಗ ಮನುಷ್ಯ ಯಾವುದಾದರೊಂದು ಲೆಕ್ಕವನ್ನು ಹಿಡಿದುಕೊಳ್ಳಬೇಕಾಗುತ್ತದೆ.

ಭವಿಷ್ಯ ಹೇಳಲೊಪ್ಪದ ಮೂವರು

ಹೊಸ ಲೆಕ್ಕದ ಆರಂಭದಲ್ಲಿ ಒಂದು ವಿನಯದ ಪ್ರಸಂಗವಿದೆ. ಅಮೆರಿಕದ ಅರಿವಳಿಕೆ ವೈದ್ಯರ ಸಂಘವು ಮೇಯರ್ ಸಾಕ್ಲಾಡ್, ಎಮೆರಿ ರೋವನ್‌ಸ್ಟೈನ್, ಐವನ್ ಟೇಲರ್ ಎಂಬ ಮೂವರನ್ನು, ರೋಗಿಗಳ ಅಂಕಿ ಅಂಶಗಳನ್ನು ಒಂದೇ ಕ್ರಮದಲ್ಲಿ ದಾಖಲಿಸುವ ವಿಧಾನವೊಂದನ್ನು ರಚಿಸಿಕೊಡಬೇಕೆಂದು ಕೇಳಿಕೊಂಡಿತು. ಶಸ್ತ್ರಚಿಕಿತ್ಸೆಯ ಅಪಾಯ ಇಷ್ಟೆಂದು ಮೊದಲೇ ನಿಗದಿ ಮಾಡಿ ಹೇಳುವುದು ತಮ್ಮಿಂದಾಗದೆಂದು ಅವರು ಒಪ್ಪಿಕೊಂಡರು. ಅಪಾಯವೆಂಬುದು ರೋಗಿಯ ದೇಹವೊಂದರಲ್ಲಿಯೇ ಇಲ್ಲ. ಶಸ್ತ್ರಚಿಕಿತ್ಸೆ ಯಾವುದು, ಮಾಡುವವರ ಕೈ ಎಂಥದು, ಅನಂತರದ ಆರೈಕೆ ಹೇಗೆ ಎಂಬುದೆಲ್ಲ ಅದರಲ್ಲಿ ಸೇರುತ್ತದೆ. ಆದ್ದರಿಂದ ಅವರು ರೋಗಿಯ ದೇಹಸ್ಥಿತಿಯನ್ನು ಮಾತ್ರ ದರ್ಜೆಗಳಾಗಿ ವಿಂಗಡಿಸಿದರು. ೧೯೪೧ರಲ್ಲಿ ಸಾಕ್ಲಾಡ್ ಅದನ್ನು ಪ್ರಕಟಿಸಿದರು. ಬೇರೆ ಯಾವ ರೋಗವೂ ಇಲ್ಲದವನು ಒಂದನೆಯ ದರ್ಜೆ. ರೋಗದ ಭಾರ ಹೆಚ್ಚಿದಂತೆ ದರ್ಜೆಯ ಸಂಖ್ಯೆಯೂ ಏರುತ್ತದೆ. ಇಂದಿಗೂ ಅರಿವಳಿಕೆ ಕೊಡುವ ಮುನ್ನ ವೈದ್ಯರು ಬರೆದುಕೊಳ್ಳುವುದು ತಿದ್ದುಪಡಿಯಾದ ಈ ದರ್ಜೆಯನ್ನೇ. ಅದನ್ನು ಭವಿಷ್ಯವೆಂದು ಓದುವ ರೂಢಿ ಆಮೇಲೆ ಬಂದದ್ದು. ರಚಿಸಿದವರು ಹಾಗೆಂದು ಹೇಳಿರಲಿಲ್ಲ.

ಎರಡನೆಯ ಹೆಜ್ಜೆ ಇಟ್ಟವರು ವರ್ಜೀನಿಯಾ ಆಪ್ಗಾರ್. ಇವರು ೧೯೦೯ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದರು. ಶಸ್ತ್ರವೈದ್ಯೆಯಾಗಬೇಕೆಂಬುದು ಇವರ ಹಂಬಲ. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಶಸ್ತ್ರವೈದ್ಯ ವಿಭಾಗದ ಮುಖ್ಯಸ್ಥರಾಗಿದ್ದ ಅಲೆನ್ ವಿಪಲ್ ಇವರ ಪ್ರತಿಭೆಯನ್ನು ಮೆಚ್ಚಿಯೂ, ಹೆಂಗಸೊಬ್ಬಳು ಆ ವೃತ್ತಿಯಲ್ಲಿ ಜೀವನ ಸಾಗಿಸುವುದು ಕಷ್ಟವೆಂದೆಣಿಸಿ, ಅರಿವಳಿಕೆ ಶಾಸ್ತ್ರದ ಕಡೆಗೆ ತಿರುಗಿಸಿದರು. ೧೯೪೯ರಲ್ಲಿ ಇವರು ಆ ವೈದ್ಯ ಕಾಲೇಜಿನ ಪ್ರಥಮ ಮಹಿಳಾ ಪೂರ್ಣ ಪ್ರಾಧ್ಯಾಪಕರಾದರು. ಆ ಕಾಲದಲ್ಲಿ ಹೆರಿಗೆಯ ಕೋಣೆಯಲ್ಲಿ ಎಲ್ಲರ ಕಣ್ಣೂ ತಾಯಿಯ ಮೇಲೆ. ನೀಲಿಗಟ್ಟಿ, ಉಸಿರಾಡದೆ ಹುಟ್ಟಿದ ಮಗುವನ್ನು ಬದುಕುವುದಲ್ಲವೆಂದು ಬದಿಗಿಡುವುದೂ ಉಂಟಾಗಿತ್ತು. ನವಜಾತ ಶಿಶುವಿನ ಸ್ಥಿತಿಯನ್ನು ಅಳೆಯುವುದು ಹೇಗೆಂದು ವಿದ್ಯಾರ್ಥಿಯೊಬ್ಬ ಕೇಳಿದಾಗ, ಆಸ್ಪತ್ರೆಯ ಉಪಾಹಾರ ಗೃಹದಲ್ಲಿ ಕುಳಿತಿದ್ದ ಆಪ್ಗಾರ್ ಕೈಗೆ ಸಿಕ್ಕ ಕಾಗದದ ಮೇಲೆ ಐದು ಗುರುತುಗಳನ್ನು ಬರೆದುಕೊಟ್ಟರೆಂದು ಹೇಳುತ್ತಾರೆ: ಹೃದಯದ ಬಡಿತ, ಉಸಿರು, ಚುಚ್ಚಿದರೆ ಪ್ರತಿಕ್ರಿಯೆ, ಸ್ನಾಯುಗಳ ಬಿಗಿ, ಮೈಬಣ್ಣ. ಒಂದೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ; ಒಟ್ಟು ಹತ್ತು. ಅದು ೧೯೫೩ರಲ್ಲಿ ಪ್ರಕಟವಾಯಿತು.

ಈ ಅಂಕದ ಮಹಿಮೆ ಭವಿಷ್ಯ ಹೇಳುವುದರಲ್ಲಿ ಅಷ್ಟಾಗಿ ಇರಲಿಲ್ಲ. ಅಂಕ ಹಾಕಬೇಕಾದರೆ ಮಗುವನ್ನು ನೋಡಲೇಬೇಕು. ಇಷ್ಟೇ ಅದರ ಗುಟ್ಟು. ಒಂದು ನಿಮಿಷಕ್ಕೆ ಮೂರು ಅಂಕ ಪಡೆದ ಶಿಶುವಿಗೆ ಐದು ನಿಮಿಷಕ್ಕೆ ಏಳು ಬಂದರೆ, ನಡುವಿನ ನಾಲ್ಕು ನಿಮಿಷದಲ್ಲಿ ಯಾರೋ ಅದಕ್ಕಾಗಿ ದುಡಿದಿದ್ದಾರೆಂದು ಅರ್ಥ. ಬದಿಗಿಟ್ಟ ಕೂಸನ್ನು ಅಂಕವು ಮತ್ತೆ ಕೈಗೆತ್ತಿಕೊಳ್ಳುವಂತೆ ಮಾಡಿತು.

ಕತ್ತಿಯ ಹತ್ತಿರದ ಲೆಕ್ಕ

ದೊಡ್ಡವರ ಶಸ್ತ್ರಚಿಕಿತ್ಸೆಗೆ ಇಂಥ ಲೆಕ್ಕ ಸುಲಭವಾಗಿ ಒದಗಲಿಲ್ಲ. ೧೯೭೭ರಲ್ಲಿ ಬಾಸ್ಟನ್ನಿನ ಲೀ ಗೋಲ್ಡ್‌ಮನ್ ಮತ್ತು ಸಹೋದ್ಯೋಗಿಗಳು ೧,೦೦೧ ರೋಗಿಗಳನ್ನು ಅಭ್ಯಸಿಸಿ, ಶಸ್ತ್ರಚಿಕಿತ್ಸೆಯಿಂದ ಹೃದಯಕ್ಕೆ ಒದಗಬಹುದಾದ ಅಪಾಯವನ್ನು ಒಂಬತ್ತು ಲಕ್ಷಣಗಳಿಂದ ಎಣಿಸುವ ಕ್ರಮವನ್ನು ಕೊಟ್ಟರು. ಎಪ್ಪತ್ತು ದಾಟಿದ ವಯಸ್ಸಿಗೆ ೫, ಆರು ತಿಂಗಳೊಳಗೆ ಹೃದಯಾಘಾತವಾಗಿದ್ದರೆ ೧೦, ಹೀಗೆ ಬೇರೆ ಬೇರೆ ತೂಕ. ಎಲ್ಲ ಕೂಡಿದರೆ ೫೩. ಲೆಕ್ಕ ಸೊಗಸಾದುದೇ, ಆದರೆ ಅವಸರದ ವೈದ್ಯನಿಗೆ ಅದು ನೆನಪಿನಲ್ಲಿ ನಿಲ್ಲುವಂಥದಲ್ಲ. ೧೯೯೯ರಲ್ಲಿ ಥಾಮಸ್ ಲೀ ಮತ್ತು ಸಂಗಡಿಗರು ಅದನ್ನು ಆರು ಪ್ರಶ್ನೆಗಳಿಗೆ ಇಳಿಸಿ, ಒಂದೊಂದಕ್ಕೂ ಒಂದೇ ಅಂಕವಿಟ್ಟರು. ಸರಳವಾದದ್ದರಿಂದ ಅದು ಹೆಚ್ಚು ಬಳಕೆಗೆ ಬಂತು.

ಈ ಎರಡೂ ಶಸ್ತ್ರಚಿಕಿತ್ಸೆಗೆ ಮುಂಚಿನ ಲೆಕ್ಕಗಳು. ಕೊಠಡಿಯೊಳಗೆ ಆ ನಾಲ್ಕು ಗಂಟೆ ಏನು ನಡೆಯಿತೆಂಬುದು ಅವುಗಳಲ್ಲಿ ಸೇರದು. ಬಾಗಿಲು ತೆರೆದು ಹೊರಬಂದ ವೈದ್ಯರು ‘ಚೆನ್ನಾಗಿ ಆಯಿತು’ ಎನ್ನುವಾಗ ಅವರಿಗೆ ಆಧಾರವಾಗಿದ್ದುದು ತಮ್ಮ ಅನುಭವದ ಒಳದನಿಯೊಂದೇ. ಆ ದನಿಯ ಜೊತೆಗೆ ಒಂದು ಅಳತೆಗೋಲು ಬೇಕೆಂದು ಹೊರಟವರು ಬಾಸ್ಟನ್ನಿನ ಶಸ್ತ್ರವೈದ್ಯ ಅತುಲ್ ಗವಾಂಡೆ. ಇವರು ಅಮೆರಿಕಕ್ಕೆ ಹೋಗಿ ನೆಲೆಸಿದ ಭಾರತೀಯ ವೈದ್ಯ ದಂಪತಿಗಳ ಮಗ. ೨೦೦೩ರಲ್ಲಿ ಕರ್ನಾಟಕದಲ್ಲಿ ಪೋಲಿಯೊ ಕಾಣಿಸಿಕೊಂಡಾಗ ಲಸಿಕೆಯ ಕಾರ್ಯಕರ್ತರ ಜೊತೆ ನಮ್ಮ ಹಳ್ಳಿಗಳಲ್ಲಿ ಓಡಾಡಿ ಅದರ ಬಗ್ಗೆ ಬರೆದವರು. ಇವರೂ ಇವರ ಸಂಗಡಿಗರೂ ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯಾದ ೩೦೩ ರೋಗಿಗಳ ದಾಖಲೆಗಳನ್ನು ಶೋಧಿಸಿ ೨೦೦೭ರಲ್ಲಿ ಒಂದು ಅಂಕಪದ್ಧತಿಯನ್ನು ಪ್ರಕಟಿಸಿದರು. ಆಪ್ಗಾರರ ನೆನಪಿಗಾಗಿ ಅದನ್ನು ಶಸ್ತ್ರಚಿಕಿತ್ಸೆಯ ಆಪ್ಗಾರ್ ಅಂಕವೆಂದು ಕರೆಯುತ್ತಾರೆ.

ಹತ್ತಾರು ಅಳತೆಗಳಿಂದ ಸೋಸಿ ಅವರು ಉಳಿಸಿಕೊಂಡದ್ದು ಮೂರನ್ನು: ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಹೋದ ರಕ್ತ ಎಷ್ಟು, ಸರಾಸರಿ ರಕ್ತದೊತ್ತಡ ಅತ್ಯಂತ ಕೆಳಗೆ ಇಳಿದದ್ದು ಎಷ್ಟಕ್ಕೆ, ನಾಡಿಯ ಬಡಿತ ಅತ್ಯಂತ ಕಡಿಮೆಯಾಗಿದ್ದುದು ಎಷ್ಟು. ರಕ್ತಕ್ಕೆ ಮೂರು ಅಂಕ, ಒತ್ತಡಕ್ಕೆ ಮೂರು, ನಾಡಿಗೆ ನಾಲ್ಕು. ರಕ್ತನಷ್ಟ ೧೦೦ ಮಿಲಿಲೀಟರಿನೊಳಗಿದ್ದರೆ ಪೂರ್ಣ ಮೂರು. ೧,೦೦೦ ದಾಟಿದರೆ ಸೊನ್ನೆ. ಒತ್ತಡ ೭೦ಕ್ಕಿಂತ ಕೆಳಗಿಳಿಯದಿದ್ದರೆ ಮೂರು. ೪೦ಕ್ಕಿಂತ ಕೆಳಗಾದರೆ ಸೊನ್ನೆ. ನಾಡಿ ಒಮ್ಮೆಯಾದರೂ ೫೫ಕ್ಕೆ ಶಾಂತವಾಗಿ ಇಳಿದಿದ್ದರೆ ನಾಲ್ಕು. ೮೫ಕ್ಕಿಂತ ಕೆಳಗೆ ಇಳಿಯಲೇ ಇಲ್ಲವಾದರೆ ಸೊನ್ನೆ. ಗಾಬರಿಯಾದ ದೇಹದಲ್ಲಿ ಹೃದಯ ವಿಶ್ರಮಿಸುವುದಿಲ್ಲ. ಅದನ್ನೇ ಈ ಕೊನೆಯ ಅಳತೆ ಹೇಳುತ್ತದೆ. ಬಡಿತದ ಲಯವೇ ಕೆಟ್ಟು ನಿಧಾನವಾಗಿದ್ದರೆ ಮಾತ್ರ ಅದಕ್ಕೆ ಅಂಕವಿಲ್ಲ.

ಆ ತರುಣ ವೈದ್ಯರು ಅಮ್ಮನ ಲೆಕ್ಕವನ್ನು ನನಗೆ ಬಿಡಿಸಿ ತೋರಿಸಿದರು. ರಕ್ತ ಹೋದದ್ದು ಸುಮಾರು ೭೦೦ ಮಿಲಿಲೀಟರು: ಒಂದು ಅಂಕ. ಒತ್ತಡ ಒಮ್ಮೆ ೫೨ಕ್ಕೆ ಇಳಿದಿತ್ತು: ಒಂದು ಅಂಕ. ನಾಡಿಯ ಕನಿಷ್ಠ ಬಡಿತ ೭೨: ಎರಡು ಅಂಕ. ಒಟ್ಟು ನಾಲ್ಕು. ಪ್ರಯೋಗಶಾಲೆ ಬೇಡ, ಯಂತ್ರದ ಚಿತ್ರ ಬೇಡ; ಬೆರಳೆಣಿಕೆಯ ಕೂಡುವ ಲೆಕ್ಕ. ತಾಲ್ಲೂಕಿನ ಆಸ್ಪತ್ರೆಯಲ್ಲಿಯೂ ಈ ಮೂರು ಅಳತೆಗಳು ದಾಖಲೆಯಲ್ಲಿ ಇರುವಂಥವೇ. ಅವನ್ನು ಕೂಡಿಸುವ ಕೈ ಮಾತ್ರ ಬೇಕು. ರಕ್ತವನ್ನು ಕಣ್ಣಳತೆಯಿಂದ ಅಂದಾಜು ಮಾಡುವುದರಲ್ಲಿ ತಪ್ಪು ನುಸುಳಬಹುದಲ್ಲವೇ ಎಂದು ಕೇಳಿದೆ. “ಮೆಟ್ಟಿಲುಗಳು ಅಗಲವಾಗಿವೆ, ಸಾರ್. ಐವತ್ತೋ ನೂರೋ ಹೆಚ್ಚು ಕಡಿಮೆಯಾದರೂ ಸಾಮಾನ್ಯವಾಗಿ ಅಂಕ ಬದಲಾಗುವುದಿಲ್ಲ” ಎಂದರು.

ಎಪ್ಪತ್ತೆರಡು ಮತ್ತು ಎಪ್ಪತ್ತೆರಡು

ಈ ಅಂಕಕ್ಕೆ ಎಷ್ಟು ಬೆಲೆ ಕೊಡಬೇಕು? ೨೦೦೯ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಬಾಸ್ಟನ್ನಿನ ಮತ್ತೊಂದು ಆಸ್ಪತ್ರೆಯ ೪,೧೧೯ ರೋಗಿಗಳಿಗೆ ಇದನ್ನು ಅನ್ವಯಿಸಿ ನೋಡಿದರು. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಅಂಕ ಬಂದವರು ೧೨೮ ಮಂದಿ; ಅವರಲ್ಲಿ ೭೨ ಮಂದಿಗೆ ಮೂವತ್ತು ದಿನಗಳೊಳಗೆ ದೊಡ್ಡ ತೊಡಕು ಬಂತು, ೨೫ ಮಂದಿ ತೀರಿಕೊಂಡರು. ಒಂಬತ್ತು, ಹತ್ತು ಅಂಕ ಪಡೆದವರು ೧,೪೪೧ ಮಂದಿ. ಅವರಲ್ಲಿ ತೊಡಕು ಬಂದದ್ದೂ ೭೨ ಮಂದಿಗೆ, ತೀರಿಕೊಂಡವರು ಇಬ್ಬರು.

ಈ ಎರಡು ಎಪ್ಪತ್ತೆರಡುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಮೊದಲ ಗುಂಪಿನಲ್ಲಿ ನೂರಕ್ಕೆ ಐವತ್ತಾರು, ಎರಡನೆಯದರಲ್ಲಿ ನೂರಕ್ಕೆ ಐದು. ಅಂತರ ಅಗಾಧವಾದುದು, ಅಂಕ ಸುಳ್ಳು ಹೇಳುತ್ತಿಲ್ಲ. ಆದರೂ ಕಡಿಮೆ ಅಂಕದ ೫೬ ಮಂದಿ ಯಾವ ದೊಡ್ಡ ತೊಡಕೂ ಇಲ್ಲದೆ ಪಾರಾದರು; ಉತ್ತಮ ಅಂಕದ ೭೨ ಮಂದಿ ಕಷ್ಟಕ್ಕೆ ಸಿಕ್ಕಿದರು. ಅಂಕವು ಗುಂಪಿನ ವಿಷಯವನ್ನು ಬಲ್ಲದು. ನಮ್ಮ ಅಮ್ಮ ಆ ಗುಂಪಿನ ಯಾವ ಪಾಲಿಗೆ ಸೇರಿದವರೆಂಬುದನ್ನು ಅದು ಬಲ್ಲದಾಗಿರಲಿಲ್ಲ.

ಇಪ್ಪತ್ತು ವರ್ಷಗಳಿಂದ ಅಂಕ ಕೊಡುವುದೇ ವೃತ್ತಿಯಾಗಿರುವ ನನಗೆ ಇದು ಹೊಸ ಸಂಗತಿಯೇನಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ಹತ್ತಕ್ಕೆ ನಾಲ್ಕು ಪಡೆದ ಹುಡುಗನ ಬಗ್ಗೆ ಅಧ್ಯಾಪಕ ಎರಡು ಬಗೆಯಾಗಿ ನಡೆದುಕೊಳ್ಳಬಹುದು. ‘ಇವನಿಗೆ ಓದು ತಲೆಗೆ ಹತ್ತದು’ ಎಂದು ಹಿಂದಿನ ಬೆಂಚಿಗೆ ಕಳಿಸಬಹುದು. ಇಲ್ಲವೆ, ಅವನನ್ನು ಮುಂದೆ ಕರೆದು ಕೂರಿಸಬಹುದು. ಮೊದಲನೆಯವನು ವರ್ಷದ ಕೊನೆಗೆ ತನ್ನ ಭವಿಷ್ಯ ನಿಜವಾಯಿತೆಂದು ಬೀಗುತ್ತಾನೆ. ಎರಡನೆಯವನ ಭವಿಷ್ಯ ಸುಳ್ಳಾಗುತ್ತದೆ. ಸುಳ್ಳಾದದ್ದೇ ಅವನ ಗೆಲುವು. ಜಾತಕಕ್ಕೂ ಈ ಅಂಕಕ್ಕೂ ಇರುವ ಭೇದವನ್ನು ನಾನು ಇಲ್ಲಿ ಕಾಣುತ್ತೇನೆ. ಜಾತಕ ಬರೆದವನು ತನ್ನ ಮಾತು ನಿಜವಾಗಲೆಂದು ಬಯಸುತ್ತಾನೆ. ‘೪/೧೦’ ಎಂದು ಬರೆದ ವೈದ್ಯ ತನ್ನ ಮಾತು ಸುಳ್ಳಾಗಲೆಂದು ಬಯಸಿ ಬರೆಯುತ್ತಾನೆ.

ಇಂಥ ಬಡ ಲೆಕ್ಕ ನುರಿತ ವೈದ್ಯನ ಅಂತಃಪ್ರಜ್ಞೆಗೆ ಸಾಟಿಯೇ ಎಂದು ಕೇಳುವವರುಂಟು. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಮೀಲ್ ೧೯೫೪ರಲ್ಲಿಯೇ ಈ ಪ್ರಶ್ನೆಯನ್ನೆತ್ತಿ, ಆವರೆಗಿನ ಸುಮಾರು ಇಪ್ಪತ್ತು ಅಧ್ಯಯನಗಳನ್ನು ತೂಗಿ ನೋಡಿದ. ಸರಳ ಲೆಕ್ಕಾಚಾರವು ತಜ್ಞರ ತೀರ್ಪಿಗೆ ಬಹುಮಟ್ಟಿಗೆ ಸಮನಾಗಿ ಅಥವಾ ಮೇಲಾಗಿ ನಿಂತಿತು. ಕಾರಣ ಗಹನವಾದುದೇನೂ ಅಲ್ಲ. ತಜ್ಞ ದಣಿಯುತ್ತಾನೆ, ನಿನ್ನೆಯ ಸೋಲಿನಿಂದ ಅಳುಕುತ್ತಾನೆ, ತನ್ನ ಕೈಕೆಲಸದ ಮೇಲಿನ ಮೋಹದಿಂದ ಹಿಗ್ಗುತ್ತಾನೆ. ಕೂಡುವ ಲೆಕ್ಕಕ್ಕೆ ಮೋಹವಿಲ್ಲ. ಆದರೆ ಮೀಲನೇ ಒಂದು ಎಚ್ಚರಿಕೆಯನ್ನೂ ಕೊಟ್ಟ. ಒಬ್ಬಾತ ವಾರದ ಇಂಥ ಸಂಜೆ ಸಿನಿಮಾಕ್ಕೆ ತಪ್ಪದೆ ಹೋಗುತ್ತಾನೆಂದು ಲೆಕ್ಕ ಹೇಳುತ್ತದೆ ಎನ್ನಿ. ಅವನು ಅಂದು ಬೆಳಿಗ್ಗೆ ಕಾಲು ಮುರಿದುಕೊಂಡಿದ್ದಾನೆಂದು ನಿಮಗೆ ಗೊತ್ತಾದರೆ ಲೆಕ್ಕವನ್ನು ಬದಿಗಿಡಲೇಬೇಕು. ಮುರಿದ ಕಾಲನ್ನು ಕಾಣುವ ಕಣ್ಣು ಮನುಷ್ಯನದು.

ನೋಡುವವರು ಇರಬೇಕು

ಅಂಕದಿಂದ ರೋಗಿ ಉಳಿಯುವುದಿಲ್ಲ. ಹಾಗಾದರೆ ಯಾವುದರಿಂದ? ೨೦೦೯ರಲ್ಲಿ ಅಮೀರ್ ಘಾಫೆರಿ ಮತ್ತು ಸಂಗಡಿಗರು ಪ್ರಕಟಿಸಿದ ದೊಡ್ಡ ಅಧ್ಯಯನವೊಂದು ಇದಕ್ಕೆ ಉತ್ತರ ಕೊಡುತ್ತದೆ. ಅಮೆರಿಕದ ಆಸ್ಪತ್ರೆಗಳ ೮೪,೭೩೦ ರೋಗಿಗಳನ್ನು ಅದರಲ್ಲಿ ಪರಿಶೀಲಿಸಲಾಯಿತು. ಹೆಚ್ಚು ಸಾವುಗಳಾದ ಆಸ್ಪತ್ರೆಗಳಲ್ಲಿ ತೊಡಕುಗಳೂ ಹೆಚ್ಚಾಗಿರಬೇಕೆಂದು ಯಾರಾದರೂ ಊಹಿಸುವರು. ಹಾಗಿರಲಿಲ್ಲ. ಸಾವು ಅತಿ ಹೆಚ್ಚಿನ ಆಸ್ಪತ್ರೆಗಳಲ್ಲಿ ತೊಡಕು ನೂರಕ್ಕೆ ೨೪.೬; ಅತಿ ಕಡಿಮೆಯ ಆಸ್ಪತ್ರೆಗಳಲ್ಲಿ ೨೬.೯. ಭೇದವಿದ್ದುದು ತೊಡಕು ಬಂದ ಮೇಲಿನ ಗತಿಯಲ್ಲಿ. ದೊಡ್ಡ ತೊಡಕಿಗೆ ಸಿಕ್ಕವರಲ್ಲಿ ಒಂದು ಕಡೆ ನೂರಕ್ಕೆ ೨೧.೪ ಮಂದಿ ಸತ್ತರು, ಇನ್ನೊಂದು ಕಡೆ ೧೨.೫. ಎಂದರೆ ಒಳ್ಳೆಯ ಆಸ್ಪತ್ರೆಯಲ್ಲಿಯೂ ಕರುಳು ಸೋರುತ್ತದೆ, ನಂಜು ಏರುತ್ತದೆ. ಅಲ್ಲಿ ಹೆಚ್ಚು ಮಂದಿ ಸಾವಿನಿಂದ ಪಾರಾಗಿ ಬರುತ್ತಾರೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದಕ್ಕೂ, ತುಂಬಿದ ಕೊಡ ಮೊದಲೇ ಪಕ್ಕದಲ್ಲಿರುವುದಕ್ಕೂ ಇರುವ ಅಂತರ ಇದು.

ಅಂಕದ ನಿಜವಾದ ಉಪಯೋಗ ಇಲ್ಲಿದೆ. ಇಪ್ಪತ್ತು ಮಂಚಗಳಿಗೆ ಇಬ್ಬರು ದಾದಿಯರಿರುವ ವಾರ್ಡಿನಲ್ಲಿ ಎಲ್ಲರ ಬಳಿಯೂ ಗಂಟೆಗೊಮ್ಮೆ ನಿಲ್ಲುವುದು ಆಗದ ಮಾತು. ಯಾರ ಬಳಿ ಹೆಚ್ಚು ಸಲ ನಿಲ್ಲಬೇಕೆಂಬುದನ್ನು ಅಂಕ ಹೇಳುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದರ ತಲೆಗೆ ಕಟ್ಟಿದರೆ ಅನರ್ಥವಾಗುತ್ತದೆ. ಅಪಾಯದ ಅಂಕ ಹೆಚ್ಚೆಂಬ ಕಾರಣದಿಂದಲೇ ವೃದ್ಧರೊಬ್ಬರಿಗೆ ಶಸ್ತ್ರಚಿಕಿತ್ಸೆಯನ್ನು ನಿರಾಕರಿಸಿದರೆ ನಾವು ಮತ್ತೆ ಅರಿಷ್ಟಲಕ್ಷಣದ ಕಾಲಕ್ಕೆ ಮರಳಿದಂತೆ. ತಮ್ಮ ಹೆಸರಿಗೆ ಮಸಿ ಹತ್ತದಿರಲೆಂದು ಸುಲಭದ ರೋಗಿಗಳನ್ನೇ ಆರಿಸಿಕೊಳ್ಳಲು ಅಂಕವನ್ನು ಬಳಸುವುದೂ ಅದೇ ಜಾತಿಯ ತಪ್ಪು. ಬಾಸ್ಟನ್ನಿನ ಶೇಕಡಾವಾರುಗಳನ್ನು, ರಕ್ತಹೀನತೆಯಿಂದ ಬಳಲಿ ತಡವಾಗಿ ಆಸ್ಪತ್ರೆ ಸೇರುವ ನಮ್ಮ ಹಳ್ಳಿಯ ಹೆಂಗಸಿಗೆ ಹಾಗೆಯೇ ಹೊಂದಿಸುವುದೂ ಸಲ್ಲದು. ಇನ್ನು ಉತ್ತಮ ಅಂಕದ ರೋಗಿಯನ್ನು ಮರೆಯಲಾಗದೆಂಬುದನ್ನು ಆ ಎರಡನೆಯ ಎಪ್ಪತ್ತೆರಡು ಮಂದಿ ಹೇಳುತ್ತಾರೆ.

ಅಂಕವಿಲ್ಲದಿದ್ದರೂ ಆ ದಾದಿ ಅಂದು ರಾತ್ರಿ ಬರುತ್ತಿದ್ದರೋ ಏನೋ, ಅಮ್ಮ ಉಳಿಯುತ್ತಿದ್ದರೋ ಏನೋ. ಒಂದು ಜೀವದ ವಿಷಯದಲ್ಲಿ ಇದನ್ನು ಸಿದ್ಧಪಡಿಸಿ ತೋರಿಸುವುದು ಯಾರಿಂದಲೂ ಆಗದು. ನಾನು ಕಂಡದ್ದು ಇಷ್ಟು: ಎರಡು ಗಂಟೆಯ ರಾತ್ರಿಯಲ್ಲಿ ಮಗನಾದ ನಾನು ಪಕ್ಕದಲ್ಲೇ ಕುಳಿತು ಏನನ್ನೂ ಕಾಣಲಿಲ್ಲ, ನೋಡಬೇಕೆಂಬ ಸೂಚನೆಯಿದ್ದವರು ಕಂಡರು.

ಅಮ್ಮನಿಗೆ ಈಗ ಎಪ್ಪತ್ತು. ಕಳೆದ ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ಹಂಚಿ ಬಂದು ಕುಳಿತಿದ್ದಾಗ ಅವರಿಗೆ ಈ ಅಂಕದ ಕಥೆಯನ್ನೆಲ್ಲ ಹೇಳಿದೆ. ಗಮನವಿಟ್ಟು ಕೇಳಿದರು. “ಹತ್ತಕ್ಕೆ ನಾಲ್ಕು ಬಂದರೆ ಪಾಸೇ ಅಲ್ಲವೇನೋ?” ಎಂದರು. ನೂರಕ್ಕೆ ಮೂವತ್ತೈದು ಬಂದರೆ ಪಾಸು ಮಾಡುತ್ತಿದ್ದ ನಮ್ಮ ಹಳೆಯ ಲೆಕ್ಕದಲ್ಲಿ ಅವರ ಮಾತು ಸರಿಯೇ. ಸ್ವಲ್ಪ ಹೊತ್ತಾದ ಮೇಲೆ, “ರಾತ್ರಿ ಬಂದು ಕೈ ಹಿಡಿದು ನೋಡುತ್ತಿದ್ದಳಲ್ಲ, ಆ ಹುಡುಗಿಯ ಹೆಸರೇನು?” ಎಂದು ಕೇಳಿದರು. ನನಗೆ ಅಂಕಗಳೆಲ್ಲ ನೆನಪಿದ್ದವು, ಹೆಸರು ನೆನಪಿರಲಿಲ್ಲ.